ಅಪ್ಪ ಆಡದ ಮಾತು

ನಮ್ಮಪ್ಪನಿಗೆ ಒಂದು ಮಾತನ್ನು ಎರಡು ಸಲ ಕೇಳಿದರೆ ಆಗುತ್ತಿರಲಿಲ್ಲ. ಅವ್ವ ಇದ್ದಾಗ ಒಮ್ಮೆ, ‘ಮಧ್ಯಾಹ್ನ ಊಟಕ್ಕ ಬರ್ತೀರೇನು?’ ಎಂದು ಕೇಳಿದ್ದಳು. ಅಪ್ಪ ‘ಬರ್ತೀನಿ’ ಅಂದಿದ್ದ. ಹನ್ನೆರಡು ಗಂಟೆಗೆ ಅವ್ವ ಅಂಗಡಿಗೆ ಫೋನ್ ಮಾಡಿ ಮತ್ತೆ ಅದನ್ನೇ ಕೇಳಿದಳು. ಅಷ್ಟಕ್ಕೇ ಅವನು ಮನೆಗೆ ಬರಲಿಲ್ಲ. ‘ಹೇಳಿದ್ದ ಮತ್ತ ಕೇಳೋದಂದ್ರ ನಾ ಸುಳ್ಳ ಹೇಳೀನಿ ಅಂತಾತು’ ಎನ್ನುವುದು ಅವನ ವಾದ. ರೊಟ್ಟಿ ಆರಿಹೋದವು, ಅವ್ವನೂ ಸಿಟ್ಟಿನಲ್ಲಿ ಉಣ್ಣಲಿಲ್ಲ. ನಾನು ಮಾತ್ರ ಇಬ್ಬರ ಪಾಲನ್ನೂ ಉಂಡು ಮಲಗಿದೆ.

ಆಂಧ್ರದ ಗಡಿಯೂರು ಆದೋನಿಯಲ್ಲಿ, ಮಾರುಕಟ್ಟೆ ಯಾರ್ಡಿನ ಪಕ್ಕ, ಅಪ್ಪನದು ಹತ್ತಿಯ ದಲಾಲಿ ಅಂಗಡಿ. ರೈತರು ತಂದ ಹತ್ತಿಗೆ ಗಿರಾಕಿ ಹುಡುಕಿ, ದರ ಕುದುರಿಸಿ, ತೂಕ ಮಾಡಿಸಿ ಕೊಡುವುದು ಅವನ ಕೆಲಸ. ಎಲ್ಲವೂ ಬಾಯಿಮಾತಿನ ಮೇಲೆಯೇ ನಡೆಯುತ್ತಿತ್ತು. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ದಿನಕ್ಕೆ ಮೂರು ಸಲವಾದರೂ ಅನ್ನುತ್ತಿದ್ದ. ಸಿ. ಬೆಳಗಲ್ಲಿನ ಹಳೆಯ ರೈತರೊಬ್ಬರು ಬೆಳಿಗ್ಗೆ ದರ ಕೇಳಿಕೊಂಡು ಹೋಗಿ, ಸಂಜೆ ಫೋನ್ ಮಾಡಿ ‘ಅದೇ ದರ ಅಲ್ಲೇನ್ರಿ?’ ಅಂದರಂತೆ. ಆ ಸುಗ್ಗಿ ಪೂರ್ತಿ ಅಪ್ಪ ಅವರ ಹತ್ತಿ ಮುಟ್ಟಲಿಲ್ಲ. ‘ಬಾಜೂ ಅಂಗಡಿಗೆ ಹಾಕ್ರಿ, ಅವರು ಹತ್ತು ಸಲ ಹೇಳ್ತಾರ’ ಎಂದು ಕಳಿಸಿಬಿಟ್ಟ. ಈ ಕತೆ ಉಪ್ಪು ಖಾರ ಹಚ್ಚಿಕೊಂಡು ಎಮ್ಮಿಗನೂರಿನವರೆಗೆ, ಗೋನೆಗಂಡ್ಲದ ಹಳ್ಳಿಗಳವರೆಗೆ ಹೋಯಿತು. ಆಮೇಲೆ ಯಾರೂ ಅವನನ್ನು ಎರಡನೇ ಸಲ ಕೇಳುವ ಧೈರ್ಯ ಮಾಡಲಿಲ್ಲ. ಮದುವೆ ಮನೆಗಳಲ್ಲಿ ನಾವು ಇದನ್ನು ದೊಡ್ಡ ಹೆಮ್ಮೆಯ ಸಂಗತಿಯೆಂದು ಹೇಳಿಕೊಳ್ಳುತ್ತಿದ್ದೆವು.

ಇನ್ನು ನನ್ನ ತಪ್ಪನ್ನೂ ಹೇಳಿಬಿಡಬೇಕು. ನಾನು ಇಲ್ಲಿಯೇ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ, ಮನೆಯಲ್ಲಿ ಅಪ್ಪನಿಗೆ ಫೋನ್ ಕಲಿಸಿದವಳೂ ನಾನೇ. ಮೊದಲು ಅವನು ದಿನದ ದರವನ್ನು ಅಂಗಡಿಯ ಮುಂದಿನ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದ. ಅದನ್ನು ನೋಡಲು ರೈತರು ಬಸ್ಸು ಹತ್ತಿ ಬರಬೇಕಿತ್ತು. ನಾನು ವಾಟ್ಸಾಪ್ ಗುಂಪು ಮಾಡಿಕೊಟ್ಟೆ. ‘ಈ ಮೈಕಿನ ಗುರ್ತು ಒತ್ತಿ ಹಿಡಿ, ಮಾತಾಡು, ಬಿಡು’ ಅಂದೆ. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ, ಮೂರು ವರ್ಷ ಒಂದು ಬೆಳಗೂ ತಪ್ಪಿಸಲಿಲ್ಲ. ‘ಎಲ್ಲಾರಿಗೂ ಶರಣ್ರೆಪ್ಪಾ’ ಎಂದು ಶುರು, ನಡುವೆ ಗಂಟಲು ಕೆರೆದುಕೊಂಡ ಸದ್ದು, ಪ್ರತಿ ಮಾತೂ ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ. ‘ರೇಡಿಯೋ ಸ್ಟೇಷನ್ ಇಟ್ಟೀಯಲ್ಲಪ್ಪಾ’ ಎಂದು ನಾನು ಕಾಡುತ್ತಿದ್ದೆ. ಅವನ ದನಿ ನಾನೂರು ಫೋನುಗಳಲ್ಲಿ ದಿನದಿನವೂ ಪೇರಿಕೊಳ್ಳುತ್ತಿದೆ, ಯಾರು ಬೇಕಾದರೂ ಅದನ್ನು ಎತ್ತಿಕೊಂಡು ಹೋಗಬಹುದು ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೋದ ಸುಗ್ಗಿಯ ಒಂದು ಭಾನುವಾರ. ಶಾಲೆಗೆ ರಜೆ ಇದ್ದುದರಿಂದ ನಾನು ಅಂಗಡಿಯಲ್ಲಿ ಕೂತಿದ್ದೆ. ಗೋನೆಗಂಡ್ಲದ ಕಡೆಯ ಹಳ್ಳಿಯೊಂದರಿಂದ ಏಳು ಮಂದಿ ಬಂದರು. ಮುಂದೆ ಇದ್ದವಳು ಪ್ರತಿ ವರ್ಷ ನಮ್ಮಲ್ಲಿಗೇ ಹತ್ತಿ ತರುವ ಹೆಣ್ಣುಮಗಳು. ತನ್ನ ಹೊಲವನ್ನು ತಾನೇ ನಿಂತು ಮಾಡಿಸುವವಳು, ಬಂದಾಗಲೆಲ್ಲ ನನಗೆಂದು ಸೆರಗಿನಲ್ಲಿ ಹಸಿ ಶೇಂಗಾ ಕಟ್ಟಿಕೊಂಡು ಬರುವವಳು. ಅವತ್ತೂ ತಂದಿದ್ದಳು. ಅದನ್ನು ನನ್ನ ಮುಂದೆ ಸುರಿದು, ನಗುತ್ತಲೇ ಅಪ್ಪನನ್ನು ಕೇಳಿದಳು.

‘ನಮ್ಮ ಹತ್ತಿ ತೂಕ ಆತೇನ್ರಿ, ಸಾವ್ಕಾರ್ರ?’

‘ಯಾವ ಹತ್ತಿ ಯವ್ವಾ?’ ಅಂದ ಅಪ್ಪ.

‘ನಿನ್ನಿ ಲಾರಿ ಕಳಿಸಿದ್ರಲ್ಲ, ಅದರಾಗ ಏರಿಸಿದ ಹತ್ತಿ. ನಮ್ಮ ಏಳೂ ಮನೀದು.’

‘ನಾ ಯಾವ ಲಾರೀನೂ ಕಳಿಸಿಲ್ಲ.’

ಆಕೆಯ ನಗು ಇನ್ನೂ ಮುಖದ ಮೇಲೇ ಇತ್ತು. ಅಪ್ಪ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿದ್ದಳೋ ಏನೋ. ಸೊಂಟದ ಚೀಲದಿಂದ ಫೋನ್ ತೆಗೆದು, ಗುಂಪಿನಲ್ಲಿ ಅಲ್ಲ, ತನಗೇ ಬಂದಿದ್ದ ದನಿಸಂದೇಶ ಹಚ್ಚಿದಳು. ‘ಎಲ್ಲಾರಿಗೂ ಶರಣ್ರೆಪ್ಪಾ’ ಎಂದಿತು ಫೋನು. ‘ಹಳೇ ಫೋನ್ ಕೆಟ್ಟೈತಿ, ಇದು ನನ್ನ ಹೊಸ ನಂಬರ್. ರೇಟು ಇಳೀಲಿಕ್ಕತ್ತೈತಿ. ನಾಳೆ ಯಾರ್ಡಿಗೆ ಬರಬ್ಯಾಡ್ರಿ, ರೇಪು ಯಾರ್ಡುಕಿ ರಾವದ್ದು. ಲಾರಿ ಕಳಸ್ತೀನಿ, ಹತ್ತಿ ಏರಿಸ್ರಿ. ಮುಂದಿಂದು ಅಂಗಡ್ಯಾಗ ಮಾತಾಡೋಣು.’ ನಡುವೆ ಗಂಟಲು ಕೆರೆದುಕೊಂಡ ಸದ್ದೂ, ಅದೇ ಮಾತಿನ ತೆಲುಗೂ ಇತ್ತು.

ಅದು ಅಪ್ಪ. ಹುಟ್ಟಿದಾಗಿನಿಂದ ಕೇಳಿದ ದನಿ, ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಒಂದು ಗಳಿಗೆ, ನಾಚಿಕೆಯಿಂದಲೇ ಬರೆಯುತ್ತೇನೆ, ವಯಸ್ಸಾಯಿತು, ಹೇಳಿ ಮರೆತಿದ್ದಾನೆ ಎಂದೇ ನಾನು ನಂಬಿದೆ. ಅಪ್ಪನ ಮುಖ ನೋಡಿದೆ. ಅವನು ಫೋನನ್ನೇ ನೋಡುತ್ತಿದ್ದ.

‘ಇನ್ನೊಮ್ಮಿ ಹಚ್ಚು’ ಅಂದ.

ಆಕೆ ಮತ್ತೆ ಹಚ್ಚಿದಳು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಕಣ್ಣು ತೆರೆದು, ‘ದನಿ ನಂದ. ಮಾತು ನಂದಲ್ಲ’ ಅಂದ.

ಯಾರಿಗೂ ಅರ್ಥವಾಗಲಿಲ್ಲ. ಇತ್ತೀಚೆಗೆ ಕಂಪ್ಯೂಟರಿಗೆ ಒಬ್ಬರ ದನಿ ಸ್ವಲ್ಪ ಕೇಳಿಸಿದರೆ ಸಾಕು, ಅದು ಅವರಂತೆಯೇ ಏನು ಬೇಕಾದರೂ ಮಾತಾಡುತ್ತದೆ ಎಂದು ನಾನು ಪೇಪರಿನಲ್ಲಿ ಓದಿದ್ದೆ. ಅದನ್ನೇ ತಡವರಿಸುತ್ತ ಹೇಳಿದೆ. ಆ ಹೊಸ ನಂಬರಿಗೆ ಹಚ್ಚಿದ ಫೋಟೋ, ನಾನೇ ತೆಗೆದು ಗುಂಪಿಗೆ ಹಾಕಿದ್ದ, ಅಪ್ಪ ರುಮಾಲು ಸುತ್ತಿಕೊಂಡಿದ್ದ ಫೋಟೋ. ಫೋನ್ ಮಾಡಿ ನೋಡಿದೆವು, ಆ ನಂಬರ್ ಆಗಲೇ ಬಂದ್ ಆಗಿತ್ತು. ಲಾರಿ ಎಲ್ಲಿಯದು, ಯಾರದು ಎಂದು ಯಾರೂ ನೋಡಿಕೊಂಡಿರಲಿಲ್ಲ. ಡ್ರೈವರ್ ‘ಸಾವ್ಕಾರ್ರು ಕಳಿಸ್ಯಾರ’ ಅಂದಿದ್ದ, ಇವರು ಅವನಿಗೆ ಚಹಾ ಕುಡಿಸಿ ಕಳಿಸಿದ್ದರು. ವರ್ಷವಿಡೀ ದುಡಿದ ಏಳು ಮನೆಯವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನನಗೆ ಯಾರ ಮೇಲೆ ಸಿಟ್ಟು ಬಂದಿತ್ತೋ, ಆಕೆಯ ಮೇಲೆ ಹಾಕಿದೆ. ‘ಹೊಸ ನಂಬರಿಂದ ಬಂದ್ರ, ಹಳೇ ನಂಬರಿಗೆ ಒಂದು ಫೋನ್ ಮಾಡಿ ಕೇಳಬಾರದಾಗಿತ್ತೇನು?’

ಆಕೆ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. ‘ನಿಮ್ಮಪ್ಪಾರಿಗೆ ಮತ್ತ ಕೇಳೋದಾ, ಅಕ್ಕಾರ? ಸಿ. ಬೆಳಗಲ್ಲಿನವರ ಕತಿ ನಮಗ ಗೊತ್ತಿಲ್ಲೇನು?’

ಅಪ್ಪ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. ಆಗ ಹಿಂದೆ ನಿಂತಿದ್ದ ಮುದುಕರೊಬ್ಬರು ಯಾರಿಗೂ ಅಲ್ಲ ಎನ್ನುವಂತೆ ಗೊಣಗಿದರು. ‘ಹೇಳಿದ್ದು ಹೇಳಿ, ಈಗ ನಾ ಹೇಳಿಲ್ಲ ಅಂತಾರೋ ಏನೋ, ಯಾರಿಗೆ ಗೊತ್ತು.’ ಐವತ್ತು ವರ್ಷದಲ್ಲಿ ಆ ಅಂಗಡಿಯೊಳಗೆ ಅಂಥ ಮಾತು ಯಾರೂ ಆಡಿರಲಿಲ್ಲ. ಅಪ್ಪ ತಿರುಗಿ ಜಗಳ ತೆಗೆಯುತ್ತಾನೆ ಎಂದು ಕಾದೆ. ಅವನು ಚಪ್ಪಲಿ ಮೆಟ್ಟಿಕೊಂಡು, ‘ನಡೀರಿ, ಪೊಲೀಸರ ಹಂತೇಕ ಹೋಗೋಣು’ ಅಂದ.

ಸೈಬರ್ ದೂರುಗಳನ್ನು ನೋಡುತ್ತಿದ್ದ ಅಧಿಕಾರಿ ಒಬ್ಬ ಹೆಣ್ಣುಮಗಳು. ಮನೆಮಾತು ತೆಲುಗು, ಕನ್ನಡ ಚೆನ್ನಾಗಿ ಬರುತ್ತಿತ್ತು. ದೂರು ಬರೆಸಿಕೊಂಡು ಸಮಾಧಾನದಿಂದಲೇ ವಿವರಿಸಿದಳು. ಕಂಪ್ಯೂಟರ್, ಫೋನ್ ಬಳಸಿ ಇನ್ನೊಬ್ಬರ ವೇಷ ಹಾಕಿ ಮೋಸ ಮಾಡಿದರೆ ಮೂರು ವರ್ಷದವರೆಗೂ ಜೈಲು. ಅದರ ಜೊತೆಗೆ ವಂಚನೆಯ ಕಲಮೂ ಬೀಳುತ್ತದೆ. ಅಪ್ಪ ಎಲ್ಲ ಕೇಳಿ, ಅವನಿಗೆ ಬೇಕಾಗಿದ್ದನ್ನು ಕೇಳಿದ.

‘ಅದು ಹತ್ತಿ ಕದ್ದಿದ್ದಕ್ಕಾತು. ನನ್ನ ದನಿ ಕದ್ದಾರಲ್ಲ, ಅದಕ್ಕ ಯಾವ ಕಲಮು ಐತಿ?’

ಅಧಿಕಾರಿ ಪೆನ್ನು ಕೆಳಗಿಟ್ಟಳು. ‘ದನಿಗೇ ಅಂತ ಪ್ರತ್ಯೇಕ ಕಲಮು ಲೇದು ಸರ್. ಅದನ್ನ ಬಳಸಿ ಮೋಸ ಮಾಡಿದ್ರೆ ಐತಿ. ಸಿನಿಮಾ ಹೀರೋಗಳು ಹೈಕೋರ್ಟಿಗೆ ಹೋಗಿ ನಮ್ಮ ಮುಖ, ನಮ್ಮ ದನಿ ಯಾರೂ ಬಳಸಬಾರದು ಅಂತ ಆರ್ಡರ್ ತಂದಾರೆ.’

‘ನಾ ಹೀರೋ ಅಲ್ಲಲ್ಲವ್ವ’ ಅಂದ ಅಪ್ಪ. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಮನೆಯ ಬೀಗಕ್ಕೆ ಕಾನೂನಿದೆ, ಸಹಿಗೆ ಕಾನೂನಿದೆ. ಮನುಷ್ಯನಿಗೆ ಅವನ ದನಿಗಿಂತ ಸ್ವಂತದ್ದು ಬೇರೆ ಏನಿದೆ ಎಂದು ಅವತ್ತು ನನಗೆ ನಿಜಕ್ಕೂ ದಿಗಿಲಾಯಿತು.

ಇನ್ನೊಂದು ಸಂಗತಿಯನ್ನು ಅಧಿಕಾರಿ ಮೆಲ್ಲಗೆ ಹೇಳಿದಳು. ಕಾಗದದ ಮೇಲೆ ಸದ್ಯಕ್ಕೆ ಅಪ್ಪ ಮೋಸ ಹೋದವನೂ ಹೌದು, ಮೋಸ ಮಾಡಿರಬಹುದಾದವನೂ ಹೌದು. ದನಿ ಅವನದೇ ತಾನೆ? ಹಾಗಾಗಿ ಅವನ ದನಿಯ ಮಾದರಿ ತೆಗೆದು, ಫೋನಿನಲ್ಲಿರುವ ದನಿಯ ಜೊತೆ ಇಟ್ಟು ಪ್ರಯೋಗಾಲಯದವರು ಪರೀಕ್ಷೆ ಮಾಡಬೇಕು. ಅದು ಯಂತ್ರದ ದನಿ ಎಂದು ಅವರು ಬರೆದುಕೊಟ್ಟರೆ ಅಪ್ಪನ ಮೇಲಿನ ಅನುಮಾನ ಹೋಗುತ್ತದೆ, ಏಳು ಮನೆಯವರ ದೂರಿಗೂ ಬಲ ಬರುತ್ತದೆ. ಅದಕ್ಕೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಅಪ್ಪಣೆ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಅಪ್ಪ ಗುಂಪಿನಲ್ಲಿ ಒಂದು ಮಾತೂ ಆಡಲಿಲ್ಲ. ಅಟ್ಟದಿಂದ ಹಳೆಯ ಹಲಗೆ ಇಳಿಸಿ, ಮತ್ತೆ ದರ ಬರೆಯತೊಡಗಿದ. ಅದನ್ನು ಓದಲು ಬರುವವರು ಕಡಿಮೆಯಾಗಿದ್ದರು, ಬಂದವರೂ ಓದಿಕೊಂಡು ಬಾಜೂ ಅಂಗಡಿಗೆ ಹೋಗುತ್ತಿದ್ದರು.

ಮಾದರಿ ಕೊಡುವ ದಿನ ನಾನೂ ಜೊತೆಗೆ ಹೋದೆ. ಸಂದೇಶ ಬಂದಿದ್ದ ಫೋನನ್ನೇ ಒಪ್ಪಿಸಬೇಕೆಂದು ಗೋನೆಗಂಡ್ಲದ ಕಡೆಯ ಆ ಹೆಣ್ಣುಮಗಳನ್ನೂ ಕರೆಸಿದ್ದರು. ಈ ಸಲ ಸೆರಗಿನಲ್ಲಿ ಶೇಂಗಾ ಇರಲಿಲ್ಲ. ನಾನು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟೆ, ಕೂತಳು. ‘ಸಾವ್ಕಾರ್ರು ಅಂಥವರಲ್ಲ ಅಂತ ನಮ್ಮವರಿಗೆ ಹೇಳಿ ಹೇಳಿ ಸಾಕಾಗೈತಿ ಅಕ್ಕಾರ’ ಅಂದಳು. ನನಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು.

ಒಳಗೆ ಅಧಿಕಾರಿ ಅಪ್ಪನ ಕೈಗೆ ಒಂದು ಹಾಳೆ ಕೊಟ್ಟಳು. ಬಾಗಿಲು ಅರ್ಧ ತೆರೆದಿತ್ತು, ನಮಗೆ ಎಲ್ಲ ಕಾಣುತ್ತಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟುಬಿಟ್ಟ.

‘ಇದು ಕಳ್ಳ ಆಡಿದ ಮಾತು.’

‘ಹೌದು ಸರ್. ಅದೇ ಮಾತು, ಅದೇ ಧಾಟಿಲಿ ಹೇಳಬೇಕು. ಆಗ್ಲೇ ಎರಡನ್ನೂ ಪಕ್ಕದಾಗ ಇಟ್ಟು ನೋಡಾಕ ಆಗತೈತಿ. ಮೂರು ಸಲ.’

‘ನಾ ಆಡಲಾರದ ಮಾತು ನನ್ನ ಬಾಯಿಲೇ ಆಡಸ್ತೀರೇನವ್ವ?’

‘ನೀವು ಆಡಿಲ್ಲ ಅಂತ ತೋರಸಾಕ ಬೇರೆ ದಾರಿ ಇಲ್ಲ ಸರ್.’

ಅಪ್ಪ ಎದ್ದು ಬಂದುಬಿಡುತ್ತಾನೆ ಎಂದುಕೊಂಡೆ. ಒಂದು ‘ಬರ್ತೀನಿ’ಯನ್ನು ಮತ್ತೆ ಹೇಳಲಾರದೆ ಊಟ ಬಿಟ್ಟವನು. ಅವನು ಬಾಗಿಲ ಕಡೆ ನೋಡಿದ, ಬೆಂಚಿನ ಮೇಲಿದ್ದ ಆ ಹೆಣ್ಣುಮಗಳನ್ನು ನೋಡಿದ. ಹಾಳೆಯನ್ನು ಎತ್ತಿಕೊಂಡ.

‘ಎಲ್ಲಾರಿಗೂ ಶರಣ್ರೆಪ್ಪಾ. ನಾಳೆ ಯಾರ್ಡಿಗೆ ಬರಬ್ಯಾಡ್ರಿ. ಲಾರಿ ಕಳಸ್ತೀನಿ, ಹತ್ತಿ ಏರಿಸ್ರಿ.’ ನಡುವೆ ಗಂಟಲು ಕೆರೆದುಕೊಂಡ. ಅದು ಹಾಳೆಯಲ್ಲಿ ಇರಲಿಲ್ಲ, ತಾನಾಗಿಯೇ ಬಂತು.

ಮೊದಲ ಸಲ ಮುಗಿದಾಗ ನನ್ನ ಪಕ್ಕದಲ್ಲಿದ್ದವಳ ಮೈ ಬಿಗಿಯಾದದ್ದು ನನಗೆ ತಿಳಿಯಿತು. ಎರಡನೇ ಸಲಕ್ಕೆ ಎದ್ದು ನಿಂತಳು. ಮೂರನೇ ಸಲ ಮುಗಿಯುವಷ್ಟರಲ್ಲಿ ಬೆಂಚಿನಿಂದ ನಾಲ್ಕು ಹೆಜ್ಜೆ ದೂರ ಹೋಗಿದ್ದಳು.

‘ಅದ ದನಿ, ಅಕ್ಕಾರ’ ಅಂದಳು. ನನ್ನ ಮುಖ ನೋಡಲಿಲ್ಲ. ‘ಅವತ್ತು ಕೇಳಿದ್ದು ಇದ ದನಿ.’

ಐದು ವಾರ ಊರಿನವರ ಮುಂದೆ ನಮ್ಮ ಪರವಾಗಿ ನಿಂತವಳು ಆಕೆಯೊಬ್ಬಳೇ. ಅವಳ ನಂಬಿಕೆಯನ್ನು ಕಳ್ಳ ಕೆಡಿಸಿರಲಿಲ್ಲ. ಅಪ್ಪನನ್ನು ಉಳಿಸಲೆಂದು ಇದ್ದ ಕ್ರಮವೇ, ನನ್ನ ಕಣ್ಣೆದುರಿಗೆ, ಮೂರು ಸಲಕ್ಕೆ ಕೆಡಿಸಿತು. ಪ್ರಯೋಗಾಲಯದ ವರದಿ ಇನ್ನೂ ಬಂದಿಲ್ಲ. ಬಂದು, ಅಪ್ಪ ಆಡಿಲ್ಲ ಎಂದು ಬರೆದಿದ್ದರೂ, ಆಕೆ ಅವತ್ತು ಕಿವಿಯಾರೆ ಕೇಳಿದ್ದನ್ನು ಯಾವ ಕಾಗದ ಅಳಿಸುತ್ತದೆ?

ಅಪ್ಪ ಹೊರಗೆ ಬಂದ. ಅವಳು ನಿಂತ ದೂರವನ್ನು ನೋಡಿದ. ಅವನಿಗೆ ಅರ್ಥವಾಗಲು ಯಾರೂ ಏನೂ ಹೇಳಬೇಕಾಗಲಿಲ್ಲ. ಹತ್ತಿರ ಹೋಗಿ ನಿಂತು, ‘ಏನು ಕೇಳಬೇಕು ಅಂತ ಅನಸ್ತೈತಿ, ಕೇಳು ಯವ್ವಾ’ ಅಂದ.

ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. ‘ನಿಮಗ ಹ್ಯಾಂಗ ಕೇಳ್ಲಿರಿ.’

‘ಕೇಳು.’

‘ಅವತ್ತು ಲಾರಿಗೆ ಏರಿಸ್ರಿ ಅಂದಿದ್ದು... ನೀವೇನ್ರಿ, ಸಾವ್ಕಾರ್ರ?’

‘ನಾ ಅಲ್ಲವ್ವ.’

ಆಕೆ ನೆಲ ನೋಡುತ್ತ ನಿಂತಳು. ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಅಪ್ಪ ಇನ್ನು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾನೆ ಎಂದು ನಾನು ಚೀಲ ಎತ್ತಿಕೊಂಡೆ. ಅವನು ಅಲ್ಲಾಡಲಿಲ್ಲ.

‘ಮತ್ತ ಕೇಳು’ ಅಂದ.

ಆಕೆ ಮತ್ತೆ ಕೇಳಿದಳು.