ಬಂಡೆಯ ಕುಳಿಯಲ್ಲಿ ಉಳಿದ ಬೊಗಸೆ ನೀರು

ಮೊದಲು ನೀರಿಗೆ ನಮಸ್ಕಾರ. ನಮ್ಮನ್ನು ಸಾಕಿದ ಕೃಷ್ಣೆಗೆ, ಒಂದು ದಿನದ ಅತಿಥಿಗಳಾಗಿ ಹೋದವರನ್ನು ತನ್ನ ತಡಿಯಲ್ಲಿ ಕೂರಿಸಿಕೊಂಡ ಘಟಪ್ರಭೆಗೆ, ಆ ನೀರುಗಳಲ್ಲಿ ಕಣ್ಣಿಗೆ ಕಾಣದೆ ಬಾಳುವ ಸಕಲ ಜೀವಗಳಿಗೆ, ಅವುಗಳ ಇರವನ್ನು ನನಗೆ ತಿಳಿಸಿಕೊಟ್ಟ ಅಜ್ಜಿಗೆ ಕೈಮುಗಿದು ಈ ನೆನಪನ್ನು ಬರೆಯುತ್ತೇನೆ.

ಚಿಕ್ಕೋಡಿಯ ಈ ಮನೆಯಲ್ಲಿ ಇಂದಿಗೂ ಬೆಳಿಗ್ಗೆ ನಲ್ಲಿಯ ಬಾಯಿಗೆ ಎರಡು ಪದರಾಗಿ ಮಡಿಸಿದ ಬಟ್ಟೆ ಕಟ್ಟುತ್ತೇನೆ. ಹೊಸ ದಪ್ಪ ಬಟ್ಟೆ ಮೊದಲ ಸಲ ತೊಯ್ದಾಗ ಗಂಜಿಯೂ ಹತ್ತಿಯೂ ಬೆರೆತ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ತಾಗಿದೊಡನೆ ಶೇಡಬಾಳದ ನಮ್ಮ ಹಿತ್ತಲ ಬಾವಿ, ಹಗ್ಗ ತಿಕ್ಕಿ ತಿಕ್ಕಿ ನುಣುಪಾದ ಅದರ ಕಲ್ಲು, ಕಟ್ಟೆಯ ಮೇಲೆ ಸೆರಗು ಬಿಗಿದು ಕುಳಿತ ಆಯಿ ಕಣ್ಣೆದುರು ಬರುತ್ತಾರೆ. ಅಜ್ಜಿಯನ್ನು ನಾವು ಆಯಿ ಎಂದೇ ಕರೆಯುತ್ತಿದ್ದೆವು. ನಮ್ಮದು ಜೈನರ ಮನೆ. ಸೋಸದ ನೀರು ಅಡುಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಸೂರ್ಯ ಮುಳುಗಿದ ಮೇಲೆ ತುತ್ತು ಬಾಯಿಗೆ ಹೋಗುವಂತಿರಲಿಲ್ಲ. ಆಯಿ ಇವೆರಡರಷ್ಟೇ ನಿಷ್ಠೆಯಿಂದ ಮೂರನೆಯದೊಂದನ್ನು ನಡೆಸುತ್ತಿದ್ದರು. ನೀರು ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ಅದನ್ನು ಸಣ್ಣ ಚರಿಗೆಯೊಳಗೆ ತೊಳೆದು, ಅಂಟಿಕೊಂಡಿದ್ದ ಸೂಕ್ಷ್ಮ ಜೀವಗಳನ್ನು ಯಾವ ನೀರಿನಿಂದ ಎತ್ತಿದ್ದರೋ ಅದೇ ನೀರಿಗೆ ಮರಳಿಸುವುದು. ಮೇಲಿನಿಂದ ಸುರಿಯಬಾರದು, ಚರಿಗೆ ನೀರು ಮುಟ್ಟಿದ ಮೇಲೆಯೇ ಓರೆ ಮಾಡಬೇಕು. ಆ ಚರಿಗೆಯ ನೀರಿಗೆ ಜೀವಾಣಿ ಎಂದು ಹೆಸರು.

ನನಗೆ ಎಂಟು ವರ್ಷವಿದ್ದಾಗ ಗೋಕಾಕದ ಜಲಪಾತ ನೋಡಬೇಕೆಂದು ಹಟ ಹಿಡಿದೆ. ಮಳೆಗಾಲ ಮುಗಿದು ಹೊಳೆ ಇಳಿಯುತ್ತಿದ್ದ ದಿನಗಳು. ಅಪ್ಪ ನೆರೆಮನೆಯ ದಸ್ತಗೀರ ಕಾಕಾನ ಜೀಪು ಗೊತ್ತುಮಾಡಿದರು. ಅದು ರಂಜಾನ್ ತಿಂಗಳು. ಕಾಕಾ ರೋಜಾ ಹಿಡಿದಿದ್ದ. ಆಯಿಯದು ಒಪ್ಪೊತ್ತಿನ ವ್ರತ. ದಿನಕ್ಕೆ ಒಂದೇ ಊಟ, ನೀರು ಕುಡಿಯುವುದೂ ಆಗಲೇ. ಕುಡಚಿಯ ಸೇತುವೆಯ ಮೇಲೆ ಜೀಪು ನಿಲ್ಲಿಸಿ, ಕೆಳಗೆ ಮರಳದಿಣ್ಣೆಯ ಮೇಲೆ ಬಿಸಿಲಿಗೆ ಬಾಯಿ ತೆರೆದು ಮಲಗಿದ್ದ ಮೊಸಳೆಯನ್ನು ತೋರಿಸಿದ ಕಾಕಾ, "ಆಯೀ, ಇಲ್ಲಿ ನೀರ ಸೋಸಬ್ಯಾಡ್ರಿ. ಬಟ್ಟ್ಯಾಗ ಮಸಳಿ ಬಂದೀತು" ಎಂದ. ಆಯಿ ಕಣ್ಣು ಕೀಳದೆ ಅದನ್ನೇ ನೋಡುತ್ತ, "ಬಂದ್ರ ಅದನ್ನೂ ಮೆಲ್ಲಕ ವಾಪಸ್ ಬಿಡೂದಪಾ" ಎಂದರು. ರಾಯಬಾಗದ ಬಸದಿಯಲ್ಲಿ ದರ್ಶನವಾಯಿತು. ಮುಂದೆ ಬಯಲಿನಲ್ಲಿ ಚಿಗರಿ ಜಿಂಕೆಗಳ ಹಿಂಡೊಂದು ಜೋಳದ ಹೊಲ ದಾಟಿ, ನೆಲ ಮುಟ್ಟದಂತೆ ಹಾರಿಹೋಯಿತು. ಅಷ್ಟರಲ್ಲಿ ಗಾಲಿ ಪಂಕ್ಚರ್ ಆಗಿ, ಗೋಕಾಕ ಮುಟ್ಟುವಾಗ ಹೊತ್ತು ಪಶ್ಚಿಮಕ್ಕೆ ವಾಲಿತ್ತು.

ಜಲಪಾತಕ್ಕಿಂತ ಬಹಳ ಮೇಲೆ, ನೀರು ಸದ್ದಿಲ್ಲದೆ ನಿಂತಂತಿದ್ದ ಕಡೆ ಆಯಿ ಕೊಡ ತುಂಬಿ ಸೋಸಿದರು. ಜೀವಾಣಿಯ ಚರಿಗೆಯನ್ನು ನನ್ನ ಕೈಗಿತ್ತು, ನೀರಿಗೆ ಬಿಟ್ಟು ಬಾ ಎಂದು ಕಳಿಸಿದರು. ಅಂಥ ಕೆಲಸವನ್ನು ಅವರು ನನಗೆ ಒಪ್ಪಿಸಿದ್ದು ಅದೇ ಮೊದಲು. ಆದರೆ ಕೆಳಗಿನಿಂದ ಜಲಪಾತದ ಗರ್ಜನೆ ಕರೆಯುತ್ತಿತ್ತು. ನೀರಿಗೆ ಇನ್ನೂ ಹತ್ತು ಹೆಜ್ಜೆಯಿತ್ತು. ಕಾಲ ಬಳಿಯ ಬಂಡೆಯ ಕುಳಿಯೊಂದರಲ್ಲಿ ಅದನ್ನು ಸುರಿದು, ಅಪ್ಪನ ಕೈ ಹಿಡಿದು ಓಡಿದೆ. ಕೆಂಪು ನೀರು ಒಂದೇ ಪರದೆಯಾಗಿ ಬೀಳುವುದನ್ನೂ ತುಂತುರಿನಲ್ಲಿ ಕಾಮನಬಿಲ್ಲು ತೂಗುವುದನ್ನೂ ಕಣ್ತುಂಬ ನೋಡಿದೆ. ಮರಳಿದಾಗ ಆಯಿ ಬಿಟ್ಟೆಯಾ ಎಂದು ಕೇಳಿದರು. ಹೂಂ ಎಂದೆ.

ಅಲ್ಲಿನ ಹಳೆಯ ಶಿವಾಲಯದ ಜಗಲಿಯ ಮೇಲೆ ಬುತ್ತಿ ಬಿಚ್ಚಿದೆವು. ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಹೋಳಿಗೆ. ಹೊತ್ತು ಮುಳುಗಲು ಒಂದು ಗೇಣಷ್ಟೇ ಇತ್ತು. ಆಯಿ ಮೊದಲ ತುತ್ತನ್ನು ಕೈಗೆತ್ತಿಕೊಂಡು, ಹೊಳೆಯ ಕಡೆ ನೋಡಿ, "ಅವೆಲ್ಲಾ ತಮ್ಮ ಮನಿ ಮುಟ್ಟಿರಬೇಕು. ನಾವೂ ಉಣ್ಣೂಣು" ಎಂದರು. ನಾನು ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ.

ಆಯಿ ಸೂರ್ಯನನ್ನು ನೋಡಿದರು. ಕೈಯ ತುತ್ತನ್ನು ನೋಡಿದರು. ಅದನ್ನು ತಾಟಿಗೆ ಮರಳಿ ಇಟ್ಟರು. ನಾನು ಹೋಗಿ ಬರುತ್ತೇನೆ, ನೀನು ಉಣ್ಣು ಎಂದು ಅಪ್ಪ ಬೇಡಿಕೊಂಡರು. "ನೀರ ನಾ ತಂದೀನಿ. ನಾನ ಬಿಡಬೇಕು" ಎಂದು ಎದ್ದು, ಚರಿಗೆ, ಬಟ್ಟೆ, ಸೋಸಿದ ನೀರು ತೆಗೆದುಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದರು. ಬೈಯಲಿಲ್ಲ. ಬೈದಿದ್ದರೆ ಆ ಸಂಜೆಯ ನೆನಪು ಈ ವಯಸ್ಸಿನವರೆಗೆ ಉಳಿಯುತ್ತಿರಲಿಲ್ಲವೇನೋ. ಬಂಡೆ ಇನ್ನೂ ಬೆಚ್ಚಗಿತ್ತು. ಕುಳಿಯಲ್ಲಿ ಬೊಗಸೆಯಷ್ಟು ನೀರು ಉಳಿದಿತ್ತು. ಅವರು ಸೋಸಿದ ನೀರನ್ನು ಹನಿಹನಿಯಾಗಿ ಹೊಯ್ದು, ಬಟ್ಟೆಯ ಅಂಚನ್ನು ಅದ್ದಿ ಅದ್ದಿ, ಕುಳಿಯ ನೀರನ್ನು ಮೂರು ಸಲ ಚರಿಗೆಗೆ ಇಳಿಸಿದರು. ಕೊನೆಗೆ ನನ್ನ ಕೈಯಿಂದಲೇ ಅದನ್ನು ಹೊಳೆಗೆ ಬಿಡಿಸಿದರು. ನಾವು ಜಗಲಿಗೆ ಬರುವಾಗ ಹೊತ್ತು ಮುಳುಗಿಬಿಟ್ಟಿತ್ತು. ನಿನ್ನೆ ಉಂಡ ಆಯಿ ಇನ್ನು ನಾಳೆಯವರೆಗೆ ನೀರೂ ಮುಟ್ಟುವಂತಿರಲಿಲ್ಲ.

ನಮಗಾಗಿ ಕಾದಿದ್ದ ಅಪ್ಪನೂ ಉಂಡಿರಲಿಲ್ಲ. ಸಣ್ಣವಳು ನೀನು, ಉಣ್ಣು ಎಂದು ಇಬ್ಬರೂ ಹೇಳಿದರೂ ನಾನು ಒಲ್ಲೆನೆಂದೆ. ದೂರ ಕುಳಿತು ಹೊತ್ತು ಮುಳುಗುವುದನ್ನೇ ಕಾಯುತ್ತಿದ್ದ ದಸ್ತಗೀರ ಕಾಕಾ, ತನ್ನ ಖರ್ಜೂರದ ಪೊಟ್ಟಣವನ್ನು ಕೈಯಲ್ಲೇ ಹಿಡಿದು, "ನಮ್ಮ ರೋಜಾ ಬಿಡೂ ಹೊತ್ತಿಗೆ ನಿಮ್ಮದು ಸುರು ಆತಲ್ರಿ, ಆಯೀ" ಎಂದ. ಆಯಿ ನಕ್ಕರು. ತಾಟನ್ನು ಅವನ ಮುಂದಕ್ಕೆ ಸರಿಸಿ, "ನಮ್ಮ ಪಾಲೂ ನೀನ ಉಣ್ಣಪಾ. ನೀ ಉಂಡ್ರ ನಾ ಉಂಡಂಗ" ಎಂದರು. ಆಯಿ ನೀಡಿದ ನೀರನ್ನು ತುಟಿಯವರೆಗೆ ಒಯ್ದವನು ತಡೆದು, ನನ್ನ ಮುಖ ನೋಡಿದ.

"ಇದರಾಗಿನವು ವಾಪಸ್ ಹೋದುವೇನವಾ?"

"ಹೋದುವು ಕಾಕಾ."

ಆಮೇಲೆ ಕುಡಿದ.

ಆ ಮೂವರೂ ಈಗಿಲ್ಲ. ಶೇಡಬಾಳದ ಬಾವಿಯ ಮೇಲೆ ಸಿಮೆಂಟಿನ ಹಾಸು ಬಿದ್ದಿದೆ. ನಾನು ಬೆಳಿಗ್ಗೆ ನಲ್ಲಿಯ ಬಟ್ಟೆ ಬಿಚ್ಚಿ, ಮಗುಚಿ, ಅದೇ ಚರಿಗೆಗೆ ತೊಳೆಯುತ್ತೇನೆ. ಕೊಳವೆಯಲ್ಲಿ ಎಲ್ಲೆಲ್ಲಿಂದಲೋ ಬಂದ ಈ ಜೀವಗಳ ಮನೆ ಯಾವುದೆಂದು ತಿಳಿಯದೆ, ಚರಿಗೆ ಹಿಡಿದು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಅಂದು ಉಪವಾಸವಿದ್ದವರಿಗೂ, ಅವರ ಪಾಲಿನ ಅನ್ನ ಉಂಡವನಿಗೂ, ಆ ಸಂಜೆ ತಡವಾಗಿ ಹೊಳೆ ಸೇರಿದ ಸಣ್ಣ ಜೀವಗಳಿಗೂ ಒಳಿತಾಗಲಿ. ಇದನ್ನು ಓದಿದ ನೀವೂ ನಿಮ್ಮ ನೀರಿನ ಬಳಿ ತಂಪಾಗಿರಿ.