ಟವೆಲ್ ಹಾಕೋ ಗುಳಿಗಿ

ಗೋವಾದ ಉಸಗಾಂವದಾಗ ನನ್ನ ಔಷಧದ ಅಂಗಡಿ ಇತ್ತು. ಅದಿರಿನ ಟ್ರಕ್ ಹೊಡಿಯೋ ಬಸಪ್ಪ ಕೆಂಪು ಧೂಳಿಗೆ ಸೀನಿ ಸೀನಿ ಸಾಕಾಗಿದ್ದ. ಹಳೇ ಗುಳಿಗಿ ತಗೊಂಡ್ರ ಸ್ಟೇರಿಂಗ್ ಮ್ಯಾಲೇ ತೂಕಡಿಕಿ. ಅದಕ್ಕ ಡಾಕ್ಟರು ನಿದ್ದಿ ತರಲಾರದ ಹೊಸಾ ಗುಳಿಗಿ ಬರದಿದ್ರು. ಆ ಚೀಟಿ ಹಿಡಕೊಂಡು ಅಂಗಡಿಗೆ ಬಂದ.

“ಇದು ಹೆಂಗ ಕೆಲಸಾ ಮಾಡತೈತ್ರಿ?”

“ಬಸ್ಸಿನ ಸೀಟಿಗೆ ಟವೆಲ್ ಹಾಕ್ತೀವಲ್ಲ, ಹಂಗ. ಮೈಯಾಗ ಸೀನು ತರೋ ರಸ ಬಂದು ಕೂಡೋ ಜಾಗಾನ ಗುಳಿಗಿ ಮೊದಲ ಹಿಡೀತೈತಿ. ಹಳೇದು ಮಿದುಳಿನ ಸೀಟಿಗೂ ಟವೆಲ್ ಹಾಕತಿತ್ತು, ಅದಕ್ಕ ನಿದ್ದಿ.”

ಬಸಪ್ಪ ಬೆರಳು ಮಡಚಿ ವಾರ ಎಣಿಸಿದ. “ಹಂಗಾರ ಆರು ದಿನಕ್ಕ ಹೊಸಾದು ಕೊಡ್ರಿ, ರವಿವಾರಕ್ಕ ಒಂದು ಹಳೇದು.”

“ರವಿವಾರಕ್ಕ ಯಾಕಪಾ?”

“ಅವತ್ತು ಗಾಡಿ ಇರಂಗಿಲ್ರಿ. ಷಡ್ಡಕ ಬರ್ತಾನ, ಊಟಾ ಆದಮ್ಯಾಲ ಸಂಜಿತನಕಾ ತನ್ನ ಪ್ಲಾಟಿನ ಸುದ್ದಿ ಹೇಳ್ತಾನ. ಅಂವಾ ಬಾಯಿ ತೆಗಿಯೂದ್ರಾಗ ನನ್ನ ಕಣ್ಣಿಗೆ ಟವೆಲ್ ಬಿದ್ದಿರಬೇಕ್ರಿ.”

ಕೊಟ್ಟೆ. ನನ್ನ ಷಡ್ಡಕ ಬೆಳಗಾವ್ಯಾಗ ಇದ್ದ, ದೇವರು ದೊಡ್ಡಾಂವ.