ಚಿಕ್ಕಮ್ಮನ ಬಾಯಾರಿಕೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಇಲಿಯಮ್ಮ ಅಂತಲೇ ಕರೆಯುತ್ತಿದ್ದರು. ವಯಸ್ಸಾದಂತೆ ಇಲಿಗಳು ನುಂಗುವ ರೀತಿ ಹೇಗೆ ಬದಲಾಗುತ್ತದೆಂದು ನೋಡುವವರು ಮೇಲಿನವರು. ಪಂಜರ ತೊಳೆದು, ಇಲಿಗಳನ್ನು ಎಕ್ಸ್‌ರೇ ಕ್ಯಾಮೆರಾದ ಮುಂದೆ ತಂದು ಬಿಡುವವಳು ಇವಳು. ಮರಿಗಳಿಗೆ ಚೀಪುವುದೊಂದೇ ಗೊತ್ತು. ಹರೆಯದವು ನೀರಿನ ಬಾಟಲಿಯ ನಳಿಕೆಯನ್ನು ಪಟಪಟನೆ ನೆಕ್ಕಿ ಗುಟುಕರಿಸಿ ಮುಗಿಸುತ್ತವೆ. ಪಾಡು ಏನಿದ್ದರೂ ಮುದಿ ಇಲಿಗಳದು: ನೆಕ್ಕುತ್ತ ನೆಕ್ಕುತ್ತ ನಾಲಿಗೆ ಸೋಲುತ್ತದೆ, ಗುಟುಕು ಗಂಟಲಲ್ಲೇ ತಡವರಿಸುತ್ತದೆ. ಬಾಯಾರದ ಇಲಿ ಕ್ಯಾಮೆರಾದ ಮುಂದೆ ಕುಡಿಯುವುದಿಲ್ಲವಾದ್ದರಿಂದ ಮೊದಲೇ ಪಂಜರದಿಂದ ಬಾಟಲಿ ತೆಗೆದುಬಿಡಬೇಕು. ಆ ಕೆಲಸ ಮಾತ್ರ ಅವಳಿಗೆ ಸೇರುತ್ತಿರಲಿಲ್ಲ. ಚಿತ್ರ ತೆಗೆದು ಮುಗಿದದ್ದೇ ತಡ, ಓಡಿಹೋಗಿ ಬಾಟಲಿ ಸಿಕ್ಕಿಸುತ್ತಿದ್ದಳು.

ಬಾಯಾರಿಕೆ ಎಂದರೇನೆಂದು ಅವಳಿಗೆ ಕಲಿಸಿದವಳು ಚಿಕ್ಕಮ್ಮ, ತಾಯಿ ಸತ್ತ ಮೇಲೆ ಅಪ್ಪ ಕಟ್ಟಿಕೊಂಡು ಬಂದ ಮಹಾತಾಯಿ. ಹುಡುಗಿ ಹಾಸಿಗೆ ಒದ್ದೆ ಮಾಡುತ್ತಾಳೆಂದು ಮಧ್ಯಾಹ್ನದ ಮೇಲೆ ಹನಿ ನೀರು ಕೊಡದೆ ಅಡುಗೆಮನೆಗೆ ಬೀಗ ಜಡಿಯುತ್ತಿದ್ದಳು. ಹುಡುಗಿ ಬಚ್ಚಲಿನ ಒದ್ದೆ ಬಟ್ಟೆ ಹೀರಿದ್ದನ್ನು ಬೀದಿಗೆಲ್ಲ ಹೇಳಿ ನಕ್ಕಿದ್ದಳು. ಇಲಿಯಮ್ಮ ಆ ನಗುವನ್ನು ಮರೆತಿರಲಿಲ್ಲ, ಮರೆಯುವ ಮನಸ್ಸೂ ಇರಲಿಲ್ಲ.

ಈಗ ಚಿಕ್ಕಮ್ಮ ಹಾಸಿಗೆ ಹಿಡಿದಿದ್ದಳು. ಹೆತ್ತ ಮಗ ಕೈ ತೊಳೆದುಕೊಂಡಾಗ ಇವಳೇ, "ನನ್ನ ಹತ್ರ ಇರ್ಲಿ ಬಿಡಿ" ಎಂದು ಮನೆಗೆ ಕರೆತಂದಳು. ವೈದ್ಯರು ಹೇಳಿದ್ದು ಎರಡು ಮಾತು. ಬರೀ ನೀರು ಕೊಡಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರಿಗೆ ಈ ಪುಡಿ ಕಲಸಿ ಗಟ್ಟಿ ಮಾಡಿ, ಕೇಳಿದಾಗಲೆಲ್ಲ ಚಮಚದಲ್ಲಿ ಕೊಡಿ. ಮೊದಲನೆಯದನ್ನು ಅವಳು ಬಂದವರಿಗೆಲ್ಲ ಸಾರಿದಳು, ಎರಡನೆಯದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು. ಎರಡು ಹೊತ್ತು ಮೆತ್ತನೆಯ ಊಟವೇನೋ ತಪ್ಪುತ್ತಿರಲಿಲ್ಲ. ಪುಡಿಯ ಡಬ್ಬಿ ಮಾತ್ರ ಸೀಲು ಒಡೆಯದೆ ಕಪಾಟಿನಲ್ಲಿತ್ತು.

"ಒಂದ್ ಗುಟುಕು ನೀರು ಕೊಡೇ."

"ಡಾಕ್ಟರು ಬೇಡ ಅಂದಿದಾರೆ ಚಿಕ್ಕಮ್ಮ."

ಹಾಗೆ ಹೇಳಿದಾಗಲೆಲ್ಲ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಪಕ್ಕದ ಮನೆಯಾಕೆ, "ಹೆತ್ತ ಮಗಳೂ ಇಷ್ಟು ನೋಡ್ಕೊಳ್ಳಲ್ಲ" ಎಂದು ಹೊಗಳಿದಾಗ ಇನ್ನಷ್ಟು ತಣ್ಣಗಾಯಿತು.

ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಮುದುಕಿಯ ತುಟಿ ಒಡೆದಿತ್ತು.

"ನಿನ್ನ ಇಲಿಗಳಿಗಾದ್ರೂ ನೀರು ಕೊಡ್ತೀಯೇನೇ?"

"ಕೊಡ್ತೀನಿ. ಅವು ನನಗೇನೂ ಮಾಡಿಲ್ವಲ್ಲ."

ಚಿಕ್ಕಮ್ಮ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದಳು. "ನಾನೇನು ಮಾಡಿದೆ?"

"ಅಡುಗೆಮನೆಗೆ ಬೀಗ ಹಾಕ್ತಿದ್ರಲ್ಲ, ನಾನು ನೀರು ಕುಡೀಬಾರ್ದು ಅಂತ."

"ಯಾವ ಬೀಗ?"

ನಾಟಕವಾಗಿದ್ದರೆ ಇಲಿಯಮ್ಮನಿಗೆ ಗೊತ್ತಾಗುತ್ತಿತ್ತು. ಇದು ನಾಟಕವಲ್ಲ. ಮುದುಕಿಯ ತಲೆಯಲ್ಲಿ ಬೀಗವೂ ಇಲ್ಲ, ಬಟ್ಟೆಯೂ ಇಲ್ಲ, ಆ ನಗುವೂ ಇಲ್ಲ. ಇಲಿಯಮ್ಮನ ಮೈಯೆಲ್ಲ ಉರಿದುಹೋಯಿತು. ಯಾಕೆಂದೇ ತಿಳಿಯದವಳಿಗೆ ಕೊಟ್ಟ ಶಿಕ್ಷೆ ಎಂಥ ಶಿಕ್ಷೆ?

ಕಪಾಟು ತೆರೆದು ಡಬ್ಬಿಯ ಸೀಲು ಕಿತ್ತಳು. ಪುಡಿ ಕಲಸಿ, ಮುದುಕಿಯ ತಲೆ ಎತ್ತಿ ಹಿಡಿದು ಚಮಚ ಬಾಯಿಗಿಟ್ಟಳು. ಮುದುಕಿ ಕಷ್ಟಪಟ್ಟು ನುಂಗಿ ಮತ್ತೆ ಬಾಯಿ ತೆರೆದಳು.

"ಕುಡೀರಿ," ಎಂದಳು ಇಲಿಯಮ್ಮ. "ಎಲ್ಲಾ ನೆನಪಾಗೋ ತನಕ ನೀವು ಸಾಯೋ ಹಾಗಿಲ್ಲ."